ಬರ್ಥಡ್ ಪಾಸ್‌ನ ಬಗೆಬಗೆಯ ಹಿಮಕ್ಕೆ ಒಂದೇ ಜೊತೆ ಸ್ಕೀ: ಮೂರು ಚಳಿಗಾಲ ಬಳಸಿದ ಮೇಲೆ

ಅಮೆರಿಕದ ಕೊಲೊರಾಡೊದಲ್ಲಿ, ಡೆನ್ವರ್‌ನಿಂದ ಸುಮಾರು ತೊಂಬತ್ತು ಕಿಲೋಮೀಟರ್ ದೂರದಲ್ಲಿ, 3,446 ಮೀಟರ್ ಎತ್ತರದಲ್ಲಿರುವ ಬರ್ಥಡ್ ಪಾಸ್ ಎಂಬ ಬೆಟ್ಟದ ಕಣಿವೆದಾರಿಯಲ್ಲಿ ಸ್ಕೀ ಮಾಡುವವರನ್ನು ಮೇಲಕ್ಕೆ ಒಯ್ಯಲು ಹಿಂದೆ ಇದ್ದ ಲಿಫ್ಟ್‌ಗಳನ್ನು ತೆಗೆದು ಎರಡು ದಶಕಗಳೇ ಕಳೆದಿವೆ. ಈಗ ಅಲ್ಲಿ ಸ್ಕೀಯ ಅಡಿಗೆ, ಹಿಂದಕ್ಕೆ ಜಾರದಂತೆ ತಡೆಯುವ ‘ಸ್ಕಿನ್’ ಎಂಬ ಪಟ್ಟಿಯನ್ನು ಅಂಟಿಸಿಕೊಂಡು ನಡೆದೇ ಹತ್ತಬೇಕು. ಫೆಬ್ರವರಿಯ ಒಂದೇ ದಿನದಲ್ಲಿ ಉತ್ತರಕ್ಕೆ ಮುಖ ಮಾಡಿದ ಮರಗಳ ನಡುವೆ ಮೊಣಕಾಲುದ್ದದ ಪುಡಿಹಿಮ, ಮೇಲಿನ ಏಣಿನಲ್ಲಿ ಗಾಳಿ ಬಡಿದು ಹಲಗೆಯಂತೆ ಗಟ್ಟಿಯಾದ ಹಿಮ, ದಕ್ಷಿಣದ ಇಳಿಜಾರಿನಲ್ಲಿ ಕಾಲಿಟ್ಟರೆ ಹಪ್ಪಳದಂತೆ ಒಡೆಯುವ ಪದರ, ಇವು ಮೂರೂ ಎದುರಾಗುತ್ತವೆ. ಮೂರು ಚಳಿಗಾಲ ಇಲ್ಲಿ ಓಡಾಡಿದ ಮೇಲೆ ನನಗೆ ಖಚಿತವಾದ ಸಂಗತಿಯೆಂದರೆ, ಸಲಕರಣೆಯನ್ನು ಕನಸಿನ ಪುಡಿಹಿಮಕ್ಕಾಗಿ ಅಲ್ಲ, ಆ ದಿನ ಸಿಗಬಹುದಾದ ಅತ್ಯಂತ ಕೆಟ್ಟ ಹಿಮಕ್ಕಾಗಿ ಆರಿಸಬೇಕು.

ಹೆಚ್ಚಿನವರು ಮೊದಲು ಸ್ಕೀ ನೋಡುತ್ತಾರೆ. ನಾನೂ ಹಾಗೆಯೇ ಮಾಡಿ ಹಣ ಕಳೆದುಕೊಂಡೆ. ಮೊದಲು ಕೊಳ್ಳಬೇಕಾದದ್ದು ಬೂಟು. ಅಂಗಡಿಯೊಂದರಲ್ಲಿ ಒಂದು ಅಳತೆ ದೊಡ್ಡದಾದ ಬೂಟನ್ನು ‘ಹತ್ತುವಾಗ ಆರಾಮ’ ಎಂದು ನಂಬಿಸಿ ಕೊಟ್ಟರು. ಪ್ರತಿ ಹೆಜ್ಜೆಗೂ ಹಿಮ್ಮಡಿ ಒಳಗೆ ಮೇಲೆದ್ದು, ಎರಡು ಗಂಟೆಯಲ್ಲಿ ಎರಡೂ ಕಾಲಲ್ಲಿ ಬೊಬ್ಬೆ ಎದ್ದಿತು; ಇಳಿಯುವಾಗ ಸ್ಕೀ ನನ್ನ ಮಾತನ್ನೇ ಕೇಳಲಿಲ್ಲ. ಈಗ ಬಳಸುತ್ತಿರುವುದು ಸ್ಕಾರ್ಪಾ ಮಾಯೆಸ್ಟ್ರಾಲೆ. ಒಂದು ಬೂಟು ಸುಮಾರು 1.4 ಕಿಲೋ ತೂಗುತ್ತದೆ. ಹಿಂಬದಿಯ ಸನ್ನೆಯನ್ನು ನಡಿಗೆಗೆ ತಿರುಗಿಸಿದರೆ ಕಣಕಾಲು ಸಲೀಸಾಗಿ ಮುಂದೆ ಹಿಂದೆ ಆಡುತ್ತದೆ, ಇಳಿಯುವ ಮುನ್ನ ಬಿಗಿದರೆ ಒಡೆಯುವ ಪದರದ ಮೇಲೂ ಮೊಣಕಾಲಿಗೆ ಆಸರೆ ಸಿಗುತ್ತದೆ. ಒಳಪದರವನ್ನು ಬಿಸಿ ಮಾಡಿ ನನ್ನ ಪಾದದ ಅಚ್ಚಿಗೆ ಕೂರಿಸಿಕೊಂಡ ಮೇಲೆ ಬೊಬ್ಬೆಯ ಮಾತೇ ಇಲ್ಲ.

ಸ್ಕೀಯ ವಿಷಯದಲ್ಲಿ ನಡುವಿನ ಅಗಲ 95ರಿಂದ 100 ಮಿಲಿಮೀಟರ್, ಒಂದೊಂದರ ತೂಕ ಒಂದೂವರೆ ಕಿಲೋ ಆಸುಪಾಸು ಎಂಬುದು ಇಲ್ಲಿಗೆ ನನ್ನ ಲೆಕ್ಕ. ಇದಕ್ಕಿಂತ ತೀರ ಹಗುರವಾದ ಒಂದು ಜೊತೆಯನ್ನು ಬಾಡಿಗೆಗೆ ತಂದು ನೋಡಿದ್ದೆ. ಹತ್ತುವಾಗ ಹೂವಿನಂತಿದ್ದದ್ದು ಗಟ್ಟಿ ಹಿಮದ ಮೇಲೆ ತಟ್ಟೆಯಂತೆ ಗಡಗಡ ನಡುಗಿತು. ಅಗಲ ಹೆಚ್ಚಾದರೆ ಪುಡಿಹಿಮದಲ್ಲಿ ತೇಲುವುದು ನಿಜ, ಆದರೆ ಕಡಿದಾದ ಗಟ್ಟಿ ಇಳಿಜಾರನ್ನು ಅಡ್ಡ ದಾಟುವಾಗ ಅಂಚು ಕಚ್ಚಿ ನಿಲ್ಲುವುದಿಲ್ಲ.

ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ನಲ್ಲಿ ಎರಡು ದಾರಿಗಳಿವೆ. ಆಸ್ಟ್ರಿಯಾದ ಫ್ರಿಟ್ಜ್ ಬಾರ್ಥೆಲ್ 1980ರ ದಶಕದಲ್ಲಿ ರೂಪಿಸಿದ, ಬೂಟಿನ ತುದಿಯ ಎರಡು ಕುಳಿಗಳನ್ನು ಎರಡು ಪಿನ್‌ಗಳಿಂದ ಹಿಡಿಯುವ ವಿಧಾನ ಹಗುರವಾದದ್ದು. 2018ರಲ್ಲಿ ಬಂದ ಸಾಲೊಮನ್ ಶಿಫ್ಟ್ ಹತ್ತುವಾಗ ಪಿನ್‌ಗಳನ್ನು ಬಳಸಿ, ಇಳಿಯುವಾಗ ಲಿಫ್ಟ್ ಇರುವ ಕೇಂದ್ರಗಳ ಬೈಂಡಿಂಗ್‌ನಂತೆಯೇ ಬೂಟನ್ನು ಹಿಡಿಯುತ್ತದೆ. ಅದರ ಬೆಲೆ ತೂಕದಲ್ಲಿ ತೆರಬೇಕು. ವಾರಾಂತ್ಯದ ಅರ್ಧ ಭಾಗವನ್ನು ಲಿಫ್ಟ್ ಕೆಳಗೆ ಕಳೆಯುವವರಿಗೆ ಶಿಫ್ಟ್ ಸರಿ, ನನ್ನಂತೆ ಬಹುಪಾಲು ನಡೆದೇ ಹತ್ತುವವರಿಗೆ ಪಿನ್ ಬೈಂಡಿಂಗ್ ಮೇಲು. ಅದಕ್ಕೆ ಒಂದು ಶಿಸ್ತು ಮಾತ್ರ ಬೇಕು. ಒಮ್ಮೆ ಬೂಟಿನ ಕುಳಿಯಲ್ಲಿ ಸಾಸಿವೆಯಷ್ಟು ಮಂಜುಗಡ್ಡೆ ಉಳಿದಿದ್ದರಿಂದ ಎರಡನೆಯ ತಿರುವಿನಲ್ಲೇ ಸ್ಕೀ ಕಳಚಿಕೊಂಡಿತು. ಅಂದಿನಿಂದ ಕೋಲಿನ ತುದಿಯಿಂದ ಕುಳಿಗಳನ್ನೂ, ಮುಂದಿನ ಸ್ಪ್ರಿಂಗ್‌ನ ಅಡಿಯನ್ನೂ ಕೆರೆದು, ಹಿಮ್ಮಡಿ ಎತ್ತಿ ಕಾಲನ್ನು ನಾಲ್ಕೈದು ಬಾರಿ ಆಡಿಸಿ ನೋಡದೆ ಬೈಂಡಿಂಗ್‌ನ ಹಿಂಬದಿಯನ್ನು ತುಳಿಯುವುದಿಲ್ಲ.

ಸ್ಕಿನ್‌ಗಳಲ್ಲಿ ಮೊಹೇರ್ (ಅಂಗೋರಾ ಮೇಕೆಯ ಕೂದಲು) ಚೆನ್ನಾಗಿ ಜಾರುತ್ತದೆ, ನೈಲಾನ್ ಚೆನ್ನಾಗಿ ಹಿಡಿಯುತ್ತದೆ ಮತ್ತು ಹೆಚ್ಚು ಬಾಳುತ್ತದೆ; ಎರಡನ್ನೂ ಬೆರೆಸಿದ್ದು ನನಗೆ ಒಗ್ಗಿದೆ. ವಿರಾಮದಲ್ಲಿ ಅವನ್ನು ಮಡಚಿ ಜಾಕೆಟ್ ಒಳಗೆ ಎದೆಗೆ ಒತ್ತಿಟ್ಟುಕೊಂಡರೆ ಅಂಟು ಬಿಡುವುದಿಲ್ಲ. ಏಪ್ರಿಲ್‌ನ ಬೆಳಗಿನ ಹೆಪ್ಪುಗಟ್ಟಿದ ಇಳಿಜಾರಿಗೆ, ಹಿಮವನ್ನು ಕಚ್ಚುವ ಲೋಹದ ಹಲ್ಲುಗಳ ಸ್ಕೀ ಕ್ರ್ಯಾಂಪಾನ್ ಚೀಲದಲ್ಲಿರಲಿ.

ಕೊಲೊರಾಡೊದಲ್ಲಿ ನೆಲಕ್ಕೆ ಹತ್ತಿದ ಹಿಮ ಅನೇಕ ವರ್ಷ ಸಕ್ಕರೆಯಂತೆ ಬಿಡಿಬಿಡಿಯಾಗಿರುತ್ತದೆ. ಅದರ ಮೇಲೆ ಹೊಸ ಹಿಮದ ಭಾರ ಬಿದ್ದಾಗ ಇಡೀ ಇಳಿಜಾರೇ ಜಾರಿ ಬರಬಹುದು. ಆದ್ದರಿಂದ 457 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುವ ಮೂರು ಆಂಟೆನಾಗಳ ಬೀಕನ್ (ಹಿಮದಡಿ ಹೂತವರನ್ನು ಪತ್ತೆಹಚ್ಚುವ ರೇಡಿಯೊ ಸಾಧನ), ಹಿಮದಲ್ಲಿ ಚುಚ್ಚಿ ಹುಡುಕುವ ಪ್ರೋಬ್ ಮತ್ತು ಲೋಹದ ಸಲಿಕೆ ಇಲ್ಲದವರ ಜೊತೆ ನಾನು ಹೊರಡುವುದಿಲ್ಲ, ಅವರು ಎಷ್ಟೇ ಆಪ್ತರಾಗಿದ್ದರೂ. ಫೋನನ್ನು ಬೀಕನ್‌ನಿಂದ ಕನಿಷ್ಠ 20 ಸೆಂಟಿಮೀಟರ್, ಹುಡುಕುವಾಗ 50 ಸೆಂಟಿಮೀಟರ್ ದೂರ ಇಡಬೇಕು. ಹಣ ಸಾಲದಿದ್ದರೆ ಬೀಕನ್ನನ್ನು ಹೊಸದಾಗಿಯೇ ಕೊಂಡು, ಸ್ಕೀಯನ್ನು ಬಳಸಿದ್ದು ಕೊಳ್ಳಬಹುದು. ಆದರೆ ಕೊಳ್ಳುವ ಮುನ್ನ ಹಿಂದಿನ ಬೈಂಡಿಂಗ್‌ಗಳಿಗಾಗಿ ಕೊರೆದ ತೂತುಗಳನ್ನು ಎಣಿಸಿ, ನಿಮ್ಮ ಬೂಟಿನ ಉದ್ದಕ್ಕೆ ಹೊಸದಾಗಿ ಕೊರೆಯಲು ಜಾಗ ಉಳಿದಿದೆಯೇ ಎಂದು ಅಳೆಯಿರಿ.