ತೋಟದ ದಾರಿಗೆ ಹಳೇ ಬಿಎಸ್ 6 ಡೀಸೆಲ್ ಎಸ್‌ಯುವಿ ತರುವ ಮುಂಚೆ

ಬೆಂಗಳೂರು ಗಾಡಿ, ಒಬ್ಬರೇ ಓನರ್, 2020ರ ನಂತರದ ಮಾಡೆಲ್, ನಾಲ್ಕು ಸಿಲಿಂಡರ್ ಡೀಸೆಲ್, ಏಳು ಸೀಟು. ಕಾಫಿ ದುಡ್ಡು ಕೈಗೆ ಬರುವ ಮಾರ್ಚ್, ಏಪ್ರಿಲ್ ಹೊತ್ತಿಗೆ ಇಂಥ ಜಾಹೀರಾತು ನೋಡಿ ಮನಸ್ಸು ಜಾರದ ಕೊಡಗಿನವರು ಕಮ್ಮಿ. ನಾನೂ ಹೀಗೇ ಒಂದನ್ನು ಮೈಸೂರಿನ ವ್ಯಾಪಾರಿಯೊಬ್ಬರಿಂದ ತಂದೆ. ಗಾಡಿ ಕಂಪನಿಯ ಹೆಸರಾಗಲಿ ವ್ಯಾಪಾರಿಯ ಹೆಸರಾಗಲಿ ಕೇಳಬೇಡಿ, ಹೇಳುವುದಿಲ್ಲ. ಈ ತೊಂದರೆ ಒಂದು ಕಂಪನಿಗೆ ಸೇರಿದ್ದಲ್ಲ. ದಿನಾ ತೋಟದ ಗೇಟಿನಿಂದ ಪೇಟೆಗೆ ನಾಲ್ಕಾರು ಕಿಲೋಮೀಟರ್ ಹೋಗಿ ವಾಪಸ್ ಬರುವುದಷ್ಟೇ ನಿಮ್ಮ ಓಡಾಟವಾದರೆ ಇಂಥ ಗಾಡಿಯನ್ನು ಸೆಕೆಂಡ್ ಹ್ಯಾಂಡಿನಲ್ಲಿ ತರಬೇಡಿ. ಯಾಕೆ ಅಂತ ಮುಂದೆ ಬರೆದಿದ್ದೇನೆ.

ತರುವಾಗ ನೋಡಬೇಕಾದ್ದನ್ನೆಲ್ಲ ನೋಡಿದ್ದೆವು. ಟೈರು, ಚಾಸಿ ನಂಬರು, ಆರ್‌ಸಿಯಲ್ಲಿ ಬ್ಯಾಂಕ್ ಸಾಲ, ಇನ್ಶೂರೆನ್ಸ್ ಕ್ಲೇಮು, ಕಾರ್ಪೆಟ್ ಎತ್ತಿ ಕೆಸರಿನ ಗುರುತು. 2018 ಮತ್ತು 2019ರ ಆಗಸ್ಟ್ ಪ್ರವಾಹ ಕಂಡವರಿಗೆ ಈ ಕೊನೆಯದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗೋಣಿಕೊಪ್ಪದ ನಮ್ಮ ಮೆಕ್ಯಾನಿಕ್ ಜೊತೆಗೇ ಬಂದಿದ್ದ. ಇಂಜಿನ್ ಸದ್ದು ಕೇಳಿದ, ಡಿಪ್‌ಸ್ಟಿಕ್ ಎಳೆದು ನೋಡಿದ. ಆಯಿಲ್ ಹೊಸದು, ಮಟ್ಟ ಸರಿಯಾಗಿತ್ತು, ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪವೂ ಇಲ್ಲ. ಆ ಹೊಸ ಆಯಿಲ್, ದೀಪವಿಲ್ಲದ ಆ ಡ್ಯಾಶ್‌ಬೋರ್ಡು ಎರಡೂ ಮಾರಾಟಕ್ಕೆಂದೇ ತಯಾರಾದವು ಅಂತ ಗೊತ್ತಾಗಿದ್ದು ಮಳೆ ಹಿಡಿದ ಮೇಲೆ.

ಇಂಜಿನ್ ಬಗ್ಗೆ ಸುಳ್ಳು ಹೇಳಬಾರದು. ಹುಣಸೂರು ದಾಟಿ ಮನೆಗೆ ಬರುವಾಗ ಮನೆಮಂದಿ, ಸಾಮಾನು ಎಲ್ಲ ತುಂಬಿದ್ದರೂ ಏರಿನಲ್ಲಿ ಗೇರ್ ಇಳಿಸುವ ಪ್ರಮೇಯವೇ ಬರಲಿಲ್ಲ. ನಾಲ್ಕು ಸಿಲಿಂಡರಿನ ಡೀಸೆಲ್ಲಿಗೆ ಇರುವ ಎಳೆತವೇ ಬೇರೆ.

ಜೂನ್ ಬಂತು, ಮಳೆ ಹಿಡಿಯಿತು. ಅಮ್ಮತ್ತಿ ಕಡೆಯ ನಮ್ಮ ಓಡಾಟ ಅಂದರೆ ಹೇಗೆ ಅಂತ ಈ ಕಡೆಯವರಿಗೆ ಗೊತ್ತು. ಕಣದಿಂದ ಗೇಟಿನವರೆಗೆ ಫಸ್ಟ್ ಗೇರು, ಗೇಟಿನಿಂದ ಟಾರ್ ರಸ್ತೆಗೆ ಸೆಕೆಂಡು, ಅಲ್ಲಿಂದ ಸಿದ್ದಾಪುರಕ್ಕೆ ಹೋಗಿ ತರಕಾರಿ, ಗೊಬ್ಬರ, ಮಕ್ಕಳು. ಮುಂದೆ ಆನೆ ನಿಂತಿದೆ ಅಂದರೆ ಇದ್ದಲ್ಲೇ ನಿಲ್ಲಿಸಿ ಕಾಯುವುದು. ಇಂಜಿನ್ ಪೂರ್ತಿ ಬಿಸಿ ಏರುವಷ್ಟರಲ್ಲಿ ಮನೆ ಬಂದಿರುತ್ತದೆ. ಹೀಗೆ ಓಡಿಸುತ್ತಿರುವಾಗ ಸೈಲೆನ್ಸರಿನ ಚಿತ್ರದಲ್ಲಿ ಚುಕ್ಕಿಗಳಿರುವ ಹಳದಿ ದೀಪವೊಂದು ಹತ್ತಿತು. ಸ್ವಲ್ಪ ದಿನಕ್ಕೆ ಇಂಜಿನ್ ದೀಪವೂ ಅದರ ಜೊತೆ ಸೇರಿ, ಗಾಡಿ ಏರಿನಲ್ಲಿ ತೆವಳತೊಡಗಿತು.

ಮೆಕ್ಯಾನಿಕ್ ತೋಟಕ್ಕೇ ಬಂದ. ಬಾನೆಟ್ ಎತ್ತಿ, ಸ್ಟಿಕ್ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆದ. ಆಯಿಲ್ ಮ್ಯಾಕ್ಸ್ ಗೆರೆ ದಾಟಿ ಬೆರಳಗಲ ಮೇಲಿತ್ತು.

"ಅಣ್ಣ, ಮೇಲಿಂದ ಆಯಿಲ್ ಏನಾದ್ರೂ ಹಾಕಿಸಿದ್ರಾ?"

"ಇಲ್ಲ ಮಾರಾಯ, ನಾನ್ಯಾಕೆ ಹಾಕಿಸ್ಲಿ?"

ಅವನು ಸ್ಟಿಕ್ಕಿನ ತುದಿ ಮೂಗಿಗೆ ಹಿಡಿದ, ಆಮೇಲೆ ನನ್ನ ಮೂಗಿಗೂ ಹಿಡಿದ. ಪಂಪಿನ ಮುಂದೆ ನಿಂತಷ್ಟು ಡೀಸೆಲ್ ವಾಸನೆ. ಬೆರಳಿಗೆ ಅಂಟಬೇಕಾದ ಆಯಿಲ್ ನೀರಿನ ಹಾಗೆ ಜಾರಿ ಹೋಯಿತು. "ಆಯಿಲ್ ಕುಡಿಯೋ ಇಂಜಿನ್ ಎಷ್ಟೋ ನೋಡಿದ್ದೀನಿ ಅಣ್ಣ, ಹೆರೋ ಇಂಜಿನ್ ಇದೇ ಮೊದ್ಲು" ಅಂದ. ನಗು ಬಂತು, ಆದರೆ ಅವನ ತಪ್ಪಲ್ಲ. ನಮ್ಮ ಜೀಪು, ಟ್ರಾಕ್ಟರುಗಳಲ್ಲಿ ಈ ಕಾಯಿಲೆ ಇರಲೇ ಇಲ್ಲ.

ಆಗುವುದು ಇಷ್ಟು. 2020ರ ಏಪ್ರಿಲ್ 1ರಿಂದ ಬಿಎಸ್ 6 ಅನ್ನುವ ಹೊಗೆ ನಿಯಮ ಕಡ್ಡಾಯವಾದ ಮೇಲೆ ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಕೂತಿದೆ. ಹೊಗೆಯ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಮಸಿ ಒಂದು ಮಟ್ಟಕ್ಕೆ ಬಂದಾಗ ಇಂಜಿನ್ ಕಂಪ್ಯೂಟರ್ ಸ್ವಲ್ಪ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಫಿಲ್ಟರನ್ನು 600 ಡಿಗ್ರಿ ಆಸುಪಾಸು ಕಾಯಿಸಿ ಮಸಿಯನ್ನು ಸುಟ್ಟು ಹಾಕುತ್ತದೆ. ಇದಕ್ಕೆ ರೀಜನರೇಶನ್ ಅನ್ನುತ್ತಾರೆ. ಗಾಡಿ ಬಿಸಿಯಾಗಿದ್ದು, ಹದಿನೈದಿಪ್ಪತ್ತು ನಿಮಿಷ ಒಂದೇ ಸಮನೆ ಅರವತ್ತರ ಮೇಲೆ ಓಡಿದರೆ ಕೆಲಸ ಮುಗಿಯುತ್ತದೆ. ಅರ್ಧದಲ್ಲಿ ಕೀ ತಿರುಗಿಸಿ ನಿಲ್ಲಿಸಿದರೆ ಮಸಿ ಅಲ್ಲೇ ಉಳಿಯುತ್ತದೆ, ಉರಿಯದ ಡೀಸೆಲ್ ಪಿಸ್ಟನ್ ಪಕ್ಕದಿಂದ ಇಳಿದು ಕೆಳಗಿರುವ ಇಂಜಿನ್ ಆಯಿಲ್ಲಿಗೆ ಸೇರುತ್ತದೆ. ಮುಂದಿನ ಸಲ ಮತ್ತೆ ಶುರು, ಮತ್ತೆ ಅರ್ಧಕ್ಕೆ. ತೆಳ್ಳಗಾದ ಆಯಿಲ್ ಮೊದಲು ತಿನ್ನುವುದು ಟರ್ಬೋ ಬೇರಿಂಗನ್ನು.

ನಮ್ಮಲ್ಲಿ ಅರವತ್ತರಲ್ಲಿ ಇಪ್ಪತ್ತು ನಿಮಿಷ ಎಲ್ಲಿ ಓಡಿಸುತ್ತೀರಿ? ತಿತಿಮತಿಯಿಂದ ಆನೆಚೌಕೂರು ಗೇಟಿನ ಕಡೆ ಹೋದರೆ ಕಾಡು, ಹಂಪು, ಅಡ್ಡ ಬರುವ ಪ್ರಾಣಿ. ಮಡಿಕೇರಿಯಿಂದ ಸಂಪಾಜೆಗೆ ಇಳಿದರೆ ಬರೀ ತಿರುವು. ಕುಶಾಲನಗರ ದಾಟಿದ ಮೇಲೆ ಸಿಗುವ ನೆಟ್ಟಗಿನ ರಸ್ತೆಗಾಗಿ ಗಾಡಿಯ ಹೊಟ್ಟೆ ಸ್ವಚ್ಛ ಮಾಡಿಸಲು ಯಾರು ವಾರ ವಾರ ಡೀಸೆಲ್ ಸುಡುತ್ತಾರೆ?

ಸರ್ವೀಸ್ ಸೆಂಟರಿನಲ್ಲಿ ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದಾಗ ಅಸಲು ವಿಷಯ ಹೊರಬಂತು. ದೀಪ ಹತ್ತಿಸುವ ದೋಷದ ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ಕಿಲೋಮೀಟರ್ ಓಡಿದೆ ಅನ್ನುವ ಲೆಕ್ಕ ಕಂಪ್ಯೂಟರಿನಲ್ಲಿ ಇರುತ್ತದೆ. ಆ ಸಂಖ್ಯೆ ನಾವು ಗಾಡಿ ತಂದ ಮೇಲೆ ಓಡಿಸಿದ್ದಕ್ಕಿಂತ ಸ್ವಲ್ಪವೇ ಜಾಸ್ತಿ. ಅಂದರೆ ನಮಗೆ ತೋರಿಸುವ ಮುಂಚೆ ಯಾರೋ ಸ್ಕ್ಯಾನರ್ ಇಟ್ಟು ದೀಪ ಆರಿಸಿ, ಆಯಿಲ್ ಬದಲಿಸಿ ನಿಲ್ಲಿಸಿದ್ದರು. ಹಳೇ ಓನರ್ ಅದನ್ನು ಬೆಂಗಳೂರು ಟ್ರಾಫಿಕ್ಕಿನಲ್ಲಿ ಮನೆಗೂ ಆಫೀಸಿಗೂ ಮಾತ್ರ ಓಡಿಸಿರಬೇಕು. ನಮ್ಮ ತೋಟದ ದಾರಿಗಿಂತ ಅದೇನೂ ಮೇಲಲ್ಲ. ಮಸಿ ಸುಡಬಹುದು, ಆದರೆ ಇಂಜಿನ್ ಆಯಿಲ್ ಉರಿದು ಉಳಿಯುವ ಬೂದಿ ಸುಡುವುದಿಲ್ಲ, ಫಿಲ್ಟರಿನಲ್ಲೇ ಕೂರುತ್ತದೆ. ವರ್ಕ್‌ಶಾಪಿನಲ್ಲಿ ನಿಲ್ಲಿಸಿಯೇ ಮಾಡುವ ರೀಜನರೇಶನ್ನೂ ಪ್ರಯೋಜನಕ್ಕೆ ಬರಲಿಲ್ಲ. ಫಿಲ್ಟರ್, ಟರ್ಬೋ ಸೇರಿ ಬಿಲ್ ಎರಡು ಲಕ್ಷ ದಾಟಿತು.

ವ್ಯಾಪಾರಿಗೆ ಫೋನ್ ಮಾಡಿದರೆ, "ಸಾರ್, ಇದ್ದ ಸ್ಥಿತಿಯಲ್ಲೇ ಒಪ್ಪಿ ತಗೊಂಡಿದ್ದೀರಿ, ಸೈನ್ ಇದೆ" ಅಂದರು. ಡೆಲಿವರಿ ನೋಟಿನಲ್ಲಿ ಆ ಸಾಲು ಇರುವುದೇ ಇದಕ್ಕೆ. ಗ್ರಾಹಕರ ಆಯೋಗಕ್ಕೆ ಹೋಗಲು ಎರಡು ವರ್ಷದ ಅವಧಿ ಇದೆ. ಸ್ಕ್ಯಾನ್ ಪ್ರಿಂಟ್, ಬಿಲ್ಲು, ಜಾಹೀರಾತಿನ ಸ್ಕ್ರೀನ್‌ಶಾಟ್ ಎಲ್ಲ ಎತ್ತಿಟ್ಟಿದ್ದೇನೆ.

ಇನ್ನೊಂದು ಸಲಹೆ ಎಲ್ಲ ಕಡೆಯಿಂದ ಬಂತು: "ಫಿಲ್ಟರ್ ಕತ್ತರಿಸಿ ಬಿಸಾಕಿ, ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರ್ ಹಾಕಿಸಿ." ಮಾಡಿಕೊಡುವವರು ಇದ್ದಾರೆ. ಅನುಮತಿಯಿಲ್ಲದೆ ಗಾಡಿ ಮಾರ್ಪಾಡು ಮಾಡಿದರೆ ಮೋಟಾರು ವಾಹನ ಕಾಯ್ದೆಯ 182ಎ ಪ್ರಕಾರ ಓನರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಅದೂ ಅಲ್ಲದೆ, ಹಾಗೆ ಕತ್ತರಿಸಿದ ಗಾಡಿಯೇ ನಾಳೆ ಇನ್ನೊಬ್ಬ ತೋಟದವನ ತಲೆಗೆ ಬೀಳುತ್ತದೆ.

ಇಷ್ಟು ಓದಿಯೂ ತರುವವರಿದ್ದರೆ, ಗಾಡಿ ನೋಡಲು ಹೋಗುವ ಮುಂಚೆ ಮಾರುವವರಿಗೆ ಫೋನಿನಲ್ಲೇ ಹೇಳಿ: ಇಂಜಿನ್ ತಣ್ಣಗಿರಲಿ, ನಮ್ಮ ಸ್ಕ್ಯಾನರ್ ಹಾಕಿ ನೋಡುತ್ತೇವೆ ಅಂತ. ಕೋಡ್ ಅಳಿಸಿದ ಮೇಲಿನ ಕಿಲೋಮೀಟರ್ ಮೊದಲು ನೋಡಿ. ಅದು ನೂರಿನ್ನೂರರೊಳಗೆ ಇದ್ದರೆ ಕಾರಣ ಕೇಳಿ, ಕಾರಣ ತೊದಲಿದರೆ ಎದ್ದು ಬನ್ನಿ. ಸ್ಟಿಕ್ಕಿನ ವಾಸನೆ ನೋಡಿ. ಸೈಲೆನ್ಸರ್ ಬಾಯೊಳಗೆ ಬೆರಳು ಆಡಿಸಿ. ಫಿಲ್ಟರ್ ಸರಿಯಿರುವ ಬಿಎಸ್ 6 ಡೀಸೆಲ್ಲಿನಲ್ಲಿ ಬೆರಳು ಕಪ್ಪಾಗಬಾರದು, ಆಯಿತೆಂದರೆ ಒಳಗೆ ಫಿಲ್ಟರ್ ಒಡೆದಿದೆ ಅಥವಾ ಇಲ್ಲವೇ ಇಲ್ಲ. ಎಮಿಷನ್ ಸರ್ಟಿಫಿಕೇಟ್ ನಂಬಿ ಕೂರಬೇಡಿ, ತುಂಬಿ ಹೋದ ಫಿಲ್ಟರೂ ಹೊಗೆಯನ್ನು ಚೆನ್ನಾಗಿಯೇ ತಡೆಯುತ್ತದೆ. ಸರ್ವೀಸ್ ಬಿಲ್ಲಿನಲ್ಲಿ ಯಾವ ಆಯಿಲ್ ಹಾಕಿದ್ದಾರೆ ಅಂತಲೂ ನೋಡಿ. ಈ ಇಂಜಿನ್ನಿಗೆ ಬೂದಿ ಕಮ್ಮಿ ಬಿಡುವ ಆಯಿಲ್ಲೇ ಬೇಕು. ಟ್ರಾಕ್ಟರಿಗೆ ತಂದ ಡಬ್ಬದಲ್ಲಿ ಉಳಿದದ್ದನ್ನು ಸುರಿದರೆ ಫಿಲ್ಟರಿನ ಆಯಸ್ಸು ಅಷ್ಟೇ.

ನಮ್ಮ ಗಾಡಿ ಈಗ ಮೈಸೂರಿನಲ್ಲಿರುವ ತಮ್ಮನ ಹತ್ತಿರ ಇದೆ. ವಾರ ವಾರ ಬೆಂಗಳೂರಿಗೆ ಹೈವೇಯಲ್ಲಿ ಓಡುತ್ತದೆ, ದೀಪ ಮತ್ತೆ ಹತ್ತಿಲ್ಲ, ಆಯಿಲ್ ಗೆರೆಯಲ್ಲೇ ನಿಂತಿದೆ. ನಾನು ಹಳೇ ಪೆಟ್ರೋಲ್ ಗಾಡಿಯೊಂದನ್ನು ತಂದುಕೊಂಡಿದ್ದೇನೆ. ಕಣದ ಏರಿನಲ್ಲಿ ಏದುಸಿರು ಬಿಡುತ್ತದೆ, ಬಂಕಿನಲ್ಲಿ ಹೊಟ್ಟೆ ಉರಿಸುತ್ತದೆ. ಡೀಸೆಲ್ಲೇ ಬೇಕು ಅನ್ನುವವರು ಹಿಂದಿನ ಹೊಗೆ ನಿಯಮದ ಒಳ್ಳೆಯ ಬಿಎಸ್ 4 ಗಾಡಿ ಹುಡುಕಿ. ಆ ಕಾಲದ ಬಹುತೇಕ ಕಾರುಗಳಲ್ಲಿ ಈ ಫಿಲ್ಟರ್ ಇಲ್ಲ. ಆದರೆ ಆರ್‌ಸಿಯಲ್ಲಿ ಎಷ್ಟು ವರ್ಷ ಉಳಿದಿದೆ ಅಂತ ನೋಡಿಕೊಂಡೇ ರೇಟು ಮಾತಾಡಿ.