ಚೌಬಾರಾ ಹತ್ತಿರದ ಬಿದರಿ ಅಂಗಡಿ: ಟೊಲೆಡೊಗೆ ಹೋದ ಡಬ್ಬಿ

ಬೆಂಗಳೂರಿಗೆ ಮಿನ್ಸ್ಕ್, ಸ್ಯಾನ್ ಫ್ರಾನ್ಸಿಸ್ಕೊ ಅಂತ ಹೊರದೇಶದ ಸಿಸ್ಟರ್ ಸಿಟಿಗಳಿವೆ. ನಮ್ಮ ಬೀದರಿಗೂ ಒಂದು ಜೋಡಿ ಊರು ಹುಡುಕುವುದಾದರೆ ನನ್ನ ಓಟು ಸ್ಪೇನಿನ ಟೊಲೆಡೊಗೆ.

ಮಗಳು ಮ್ಯಾಡ್ರಿಡ್‌ನಲ್ಲಿ ಓದುತ್ತಿದ್ದಾಳೆ. ಅವಳ ಮನೆ ಮಾಲಕಿ ಟೊಲೆಡೊದವರು. ಅವರು ನನಗೊಂದು ಪದಕ ಕಳಿಸಿದ್ದರು. ಕಪ್ಪು ಉಕ್ಕಿನ ಮೇಲೆ ಬಂಗಾರದ ತಂತಿಯ ಬಳ್ಳಿ. ದೂರದಿಂದ ನೋಡಿದರೆ ನಮ್ಮೂರಿನ ಬಿದರಿಯೇ, ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಕೆಲಸ! ತಿರುಗಿ ಏನಾದರೂ ಕಳಿಸಬೇಕಲ್ವಾ? ಅದಕ್ಕೇ ಬೀದರಿನ ಹಳೆ ಕಾವಲು ಗೋಪುರ ಚೌಬಾರಾ ಹತ್ತಿರದ ಈ ಅಂಗಡಿಗೆ ಹೋದೆ.

ಅಂಗಡಿ ಚಿಕ್ಕದು. ಮುಂದೆ ಗಾಜಿನ ಕಪಾಟು, ಹಿಂದೆ ಕೆಲಸದ ಕೋಣೆ. ಕೇಳಿದರೆ ಒಳಗೆ ಬಿಡುತ್ತಾರೆ, ನನಗೆ ಹಿಡಿಸಿದ್ದು ಇದೇ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿ, ತಟ್ಟೆಗಳು ಸಾಲಾಗಿದ್ದವು. ಅವಕ್ಕೆ ಮೈಲುತುತ್ತ ಸವರಿ, ಆ ಮಬ್ಬುಗಪ್ಪಿನ ಮೇಲೆ ಸೂಜಿಮೊನೆಯಿಂದ ಹೂವು ಬರೆಯುತ್ತಾರೆ. ಆಮೇಲೆ ಉಳಿಯಿಂದ ಗೀರು ತೋಡಿ ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಯದೇ ಮಜಾ. ಕೋಟೆಯ ಹಳೆಯ ಕೋಣೆಗಳಲ್ಲಿ ಮಳೆ ಬಿಸಿಲು ಕಾಣದ ಮಣ್ಣು ತಂದು, ನವಸಾಗರ ಎಂಬ ಲವಣದ ಜೊತೆ ಕಲಸಿ ಬಿಸಿ ಮಾಡಿ ಹಚ್ಚುತ್ತಾರೆ. ಲೋಹವೆಲ್ಲ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ಪದಕ ತೋರಿಸಿದೆ. ಅಂಗಡಿಯ ಚಾಚಾ ಉಗುರಿನಿಂದ ತಡವಿ, "ತಂತಿ ಪಕ್ಕಾ ಕೂತಿದೆ ಅಕ್ಕಾ. ಆದ್ರೆ ಕಪ್ಪು ನಮ್ದೇ ಚೆಂದ" ಎಂದರು. ಟೊಲೆಡೊದಲ್ಲಿ ಉಕ್ಕಿನ ಮೈಗೆಲ್ಲ ಸಣ್ಣ ಗೀರು ಹಾಕಿ, ಅದರ ಮೇಲೆ ಬಂಗಾರದ ತಂತಿ ಬಡಿದು ಹಿಡಿಸುತ್ತಾರೆ. ನಂತರ ಬಿಸಿ ರಾಸಾಯನಿಕದಲ್ಲಿ ಅದ್ದಿ ಕಪ್ಪು ಮಾಡುತ್ತಾರೆ. ಆ ಊರೂ ನಮ್ಮೂರಿನ ಹಾಗೇ. ಎತ್ತರದ ಮೇಲೆ ಗೋಡೆ ಕಟ್ಟಿದ ಹಳೆ ಪಟ್ಟಣ, ಮೂರು ಕಡೆ ನದಿ. ಚರ್ಚು, ಯಹೂದಿ ಮಂದಿರ, ಹಳೆ ಮಸೀದಿ ಎಲ್ಲ ಹತ್ತಿರ ಹತ್ತಿರ. ನಮ್ಮಲ್ಲಿ 1472ರ ಗವಾನ್ ಮದರಸಾ, ಗುರುನಾನಕ್ ಝೀರಾ ಗುರುದ್ವಾರ ಇಲ್ವಾ? ಟೊಲೆಡೊ 1986ರಿಂದ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ನಮ್ಮದು ಇನ್ನೂ ಇಲ್ಲ, ಆ ಮಾತು ಬೇಡ ಬಿಡಿ.

ಒಂದು ಸಣ್ಣ ಡಬ್ಬಿ ಕೊಂಡೆ, ₹1,800. ತಂತಿ ಕೆಲಸ ಅದು. ತಂತಿಯ ಬದಲು ಬೆಳ್ಳಿ ತಗಡು ಕೂರಿಸಿದ್ದೂ ಇದೆ, ಅದರ ರೇಟೇ ಬೇರೆ. ಯಾವುದು ಅಂತ ಕೇಳಿಯೇ ಕೊಳ್ಳಿ, ಯಾಕೆಂದರೆ ಯಾವ ವಸ್ತುವಿಗೂ ಬೆಲೆ ಚೀಟಿ ಅಂಟಿಸಿಲ್ಲ. ಬಿಲ್ಲನ್ನೂ ಕೇಳಿಯೇ ಪಡೆಯಬೇಕು. ಹೊರದೇಶಕ್ಕೆ ಹೋಗುತ್ತದೆ, ಗಟ್ಟಿಯಾಗಿ ಪ್ಯಾಕ್ ಮಾಡಿ ಎಂದರೆ ಪೇಪರಿನಲ್ಲಿ ಸುತ್ತಿ ಚಪ್ಪಲಿ ಡಬ್ಬಿಯಲ್ಲಿಟ್ಟು ಕೊಟ್ಟರು. ನಾನೇ ಮನೆಯಲ್ಲಿ ಮತ್ತೆ ಪ್ಯಾಕ್ ಮಾಡಿದೆ. ಸತು ಭಾರ ನೋಡಿ, ಕೊರಿಯರ್ ಖರ್ಚು ಡಬ್ಬಿಗಿಂತ ಜಾಸ್ತಿ ಆಯಿತು.

ಟೊಲೆಡೊದ ಆ ಮನೆ ಮಾಲಕಿ ಡಬ್ಬಿ ಬಿಚ್ಚಿದ ಕೂಡಲೇ ಮಗಳಿಗೆ ಕೇಳಿದ್ದು, "ಈ ಕಪ್ಪು ಹೇಗೆ ಬರುತ್ತೆ?" ಅವಳು ಕೋಟೆ ಮಣ್ಣು ಎಂದರೆ ನಂಬಲಿಲ್ಲವಂತೆ. ಹಿಂದಿನ ಕೋಣೆಯಲ್ಲಿ ತೆಗೆದ ವಿಡಿಯೊ ಕಳಿಸಿದೆ.

ಐದಕ್ಕೆ ನಾಲ್ಕು ಸ್ಟಾರ್. ಕೊಂಡ ಮೇಲೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು. ಶುಕ್ರವಾರ ಮಧ್ಯಾಹ್ನ ಹೋಗಬೇಡಿ, ನಮಾಜಿನ ಹೊತ್ತಿಗೆ ಬಾಗಿಲು ಹಾಕಿರುತ್ತದೆ.