ಸಿದ್ದಾಪುರದಲ್ಲಿ ಬೋನ್ಸಾಯ್ ರಿಪೇರಿ: ಕೊಟ್ಟ 300 ರೂಪಾಯಿಗೆ ಮೋಸವಿಲ್ಲ

ಲಾಲ್‌ಬಾಗ್ ಪಕ್ಕದ ಸಿದ್ದಾಪುರದಲ್ಲಿ ನರ್ಸರಿಗಳ ಸಾಲೇ ಇದೆ ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಅದರಲ್ಲೊಂದು ಪುಟ್ಟ ನರ್ಸರಿ, ಬೋರ್ಡು ಕೂಡ ಇಲ್ಲ. ಸೊರಗಿದ ಬೋನ್ಸಾಯ್ ತಗೊಂಡು ಹೋದರೆ ಬೇರು ಬಿಡಿಸಿ ನೋಡಿ, ಮಣ್ಣು ಬದಲಾಯಿಸಿ, ಬೇರೆ ಕುಂಡಕ್ಕೆ ಹಾಕಿ ಕೊಡುತ್ತಾರೆ. ಕೂಲಿ 200 ರೂಪಾಯಿ, ಮಣ್ಣು ಮತ್ತು ಕುಂಡಕ್ಕೆ 100. ನನ್ನ ಗಿಡ ಉಳಿಯಿತು. ಹಾಗಂತ ಎಲ್ಲವೂ ಚೆನ್ನಾಗಿತ್ತು ಅಂತಲ್ಲ, ಅದನ್ನೂ ಬರೆಯುತ್ತೇನೆ.

ಗಾಂಧಿಬಜಾರ್ ಹತ್ತಿರ ನನ್ನದು ಜೆರಾಕ್ಸ್ ಅಂಗಡಿ. ಅಂಗಡಿ ಹೊಸ ಮಳಿಗೆಗೆ ಬಂದಾಗ ಅಕ್ಕನ ಮಗಳು ಆನ್‌ಲೈನ್‌ನಲ್ಲಿ ತರಿಸಿ ಕೊಟ್ಟ ಗಿಡ ಇದು. ಗಿನ್ಸೆಂಗ್ ಫೈಕಸ್, ಆಲದ ಬಳಗದ್ದು. ಬುಡದಲ್ಲಿ ದಪ್ಪಗೆ ಊದಿದ ಬೇರು, ಮೇಲೆ ಒಂದು ಹಿಡಿ ಎಲೆ. ಜೊತೆಗಿದ್ದ ಕಾರ್ಡಿನಲ್ಲಿ ‘ಒಳಾಂಗಣಕ್ಕೆ ಸೂಕ್ತ, ದಿನಾ ನೀರು ಹಾಕಿ’ ಅಂತಿತ್ತು. ಕಾರ್ಡಿನಲ್ಲಿ ಹೇಳಿದಂತೆಯೇ ಮಾಡಿದೆ. ಮೊದಲು ಎಲೆ ಹಳದಿಯಾಯಿತು, ಆಮೇಲೆ ಕೌಂಟರ್ ತುಂಬ ಉದುರಿತು. ಜೆರಾಕ್ಸ್ ಮಾಡಿಸಲು ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟರು. ಕಾಫಿ ಚರಟ ಹಾಕಿ, ಮೊಟ್ಟೆ ಸಿಪ್ಪೆ ಹಾಕಿ, ಗೊಬ್ಬರ ಹಾಕಿ. ಎಲ್ಲರಿಗೂ ಏನಾದರೂ ಹಾಕಿಸುವುದರಲ್ಲೇ ಆಸಕ್ತಿ.

ನರ್ಸರಿಯ ಯಜಮಾನರು ಏನನ್ನೂ ಹಾಕಲಿಲ್ಲ. ಮೊದಲು ಕಾಂಡದ ಮೇಲೆ ಉಗುರಿನಿಂದ ಸಣ್ಣಗೆ ಕೆರೆದರು. ಸಿಪ್ಪೆಯ ಕೆಳಗೆ ಹಸಿರು ಕಂಡಿತು, ಚುಕ್ಕಿಯಷ್ಟು ಬಿಳಿ ಹಾಲು ಬಂತು. “ಜೀವ ಇದೆಯಮ್ಮಾ, ಬೇರಿಗೆ ಉಸಿರಾಡೋಕೆ ಆಗ್ತಿಲ್ಲ” ಅಂದರು. ಇನ್ನೊಂದು ಕೊಂಬೆ ಕೆರೆದರೆ ಒಣ ಕಂದು, ಹಾಲಿಲ್ಲ. ಅದು ಹೋಗಿದೆ ಅಂತ ಅಲ್ಲೇ ಹೇಳಿಬಿಟ್ಟರು.

ಆಮೇಲೆ ಸ್ಕ್ರೂಡ್ರೈವರ್ ತಗೊಂಡು ಮೇಲಿದ್ದ ಬಿಳಿ ಕಲ್ಲುಗಳನ್ನು ಎಬ್ಬಿಸಿದರು. ಅಲಂಕಾರಕ್ಕೆ ಸುಮ್ನೆ ಹರಡಿದ್ದಾರೆ ಅಂದುಕೊಂಡಿದ್ದೆ. ಗೋಂದು ಹಾಕಿ ಅಂಟಿಸಿದ್ದರು! ಸಾಗಿಸುವಾಗ ಮಣ್ಣು ಚೆಲ್ಲದಿರಲಿ ಅಂತ ಹೀಗೆ ಮಾಡುತ್ತಾರಂತೆ. ಮಾರುವವರಿಗೆ ಅನುಕೂಲ, ಗಿಡಕ್ಕೆ ಮುಚ್ಚಳ. ಕುಂಡ ಮಗುಚಿದರೆ ತಳದಲ್ಲಿ ತೂತೇ ಇಲ್ಲ. ಮಣ್ಣು ಜಿಗಟಾದ ಮುದ್ದೆಯಾಗಿ ಹೊರಬಂತು, ಚರಂಡಿ ವಾಸನೆ. ಕಪ್ಪಾಗಿದ್ದ ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ಮೇಲಿನ ಸಿಪ್ಪೆ ಜಾರಿ ಅವರ ಕೈಗೆ ಬಂತು, ಒಳಗೆ ದಾರದಷ್ಟು ನಾರು ಮಾತ್ರ ಉಳಿಯಿತು. ಅಂಥದ್ದನ್ನೆಲ್ಲ ಕತ್ತರಿಸಿದರು. ಗಟ್ಟಿಯಾಗಿದ್ದ ಬೇರುಗಳನ್ನು ಮುಟ್ಟಲಿಲ್ಲ.

ಬೇರಿಗೆ ನೀರಿನ ಜೊತೆ ಗಾಳಿಯೂ ಬೇಕು. ಮಣ್ಣಿನ ಸಂದಿಗಳಲ್ಲೆಲ್ಲ ನೀರೇ ನಿಂತರೆ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯೋದಿಲ್ಲ, ಹಾಗಾಗಿ ಎಲೆ ಬಾಡುತ್ತದೆ. ಬಾಡಿದ್ದು ನೋಡಿ ನಾವು ಇನ್ನೂ ಜಾಸ್ತಿ ನೀರು ಹಾಕುತ್ತೇವೆ. ಹೊಸಬರ ಬೋನ್ಸಾಯ್‌ಗಳು ಹೋಗೋದು ಹೆಚ್ಚಾಗಿ ಹೀಗೇ ಅಂತ ಯಜಮಾನರು ಹೇಳಿದರು.

ಅವರ ಮಿಶ್ರಣದಲ್ಲಿ ತೋಟದ ಮಣ್ಣೇ ಇಲ್ಲ. ಎರಡು ಪಾಲು ಸಿಂಡರ್ (ಉರಿದ ಕಲ್ಲಿದ್ದಲಿನ ಚೂರು), ಒಂದು ಪಾಲು ಇಟ್ಟಿಗೆ ಚೂರು, ಒಂದು ಪಾಲು ಎಲೆಗೊಬ್ಬರ. ಚೂರುಗಳು ಕಡಲೆಬೇಳೆ ಗಾತ್ರ ಇರಬೇಕು, ಪುಡಿ ಇರಬಾರದು ಅಂತಾರೆ. ನೀರು ಹಾಕಿದರೆ ತಕ್ಷಣ ಕೆಳಗೆ ಇಳಿಯುತ್ತದೆ. ಜಪಾನಿನ ಅಕಡಾಮ ಮಣ್ಣು ಆನ್‌ಲೈನ್‌ನಲ್ಲಿ ಸಿಗುತ್ತದೆ, ಇದರ ಹಲವು ಪಟ್ಟು ಬೆಲೆ. ಮೊದಲ ಗಿಡಕ್ಕೆ ಅದು ಬೇಕಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಚಂದದ ತಟ್ಟೆ ಕುಂಡ ಕೇಳಿದೆ. ಕೊಡಲಿಲ್ಲ! ಬೇರು ಬರುವವರೆಗೆ ಆಳವಾದ ಮಾಮೂಲಿ ಕುಂಡವೇ ಇರಲಿ ಅಂದರು. ತಂತಿ ಹಾಕಿ ಬುಡವನ್ನು ಕುಂಡಕ್ಕೆ ಬಿಗಿದರು. ಗಿಡ ಅಲುಗಾಡಿದರೆ ಹೊಸ ಬೇರಿನ ತುದಿ ಮುರಿಯುತ್ತದಂತೆ. ಗೊಬ್ಬರ ಬೇಡ, ಕತ್ತರಿ ಬೇಡ, ಅಂಗಡಿಯಂತೂ ಬೇಡವೇ ಬೇಡ, ಟ್ಯೂಬ್‌ಲೈಟ್ ಬೆಳಕು ಸಾಲದು. ಬೆಳಗಿನ ಎಳೆಬಿಸಿಲು ಬೀಳುವ ಕಡೆ ಹೊರಗಿಡಿ ಅಂದರು. ಮನೆಯ ಬಾಲ್ಕನಿ ಪೂರ್ವಕ್ಕಿದೆ, ಅಲ್ಲೇ ಇಟ್ಟೆ. ಲಾಲ್‌ಬಾಗ್‌ನ ಬೋನ್ಸಾಯ್ ತೋಟ ನೋಡಿ, ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಬೋನ್ಸಾಯ್ ತೋಟ ನೋಡಿ. ಯಾವ ಮರವೂ ಟೀಪಾಯಿ ಮೇಲೆ ಕೂತಿಲ್ಲ.

ನೀರಿಗೆ ಅವರ ಲೆಕ್ಕ ಸುಲಭ. ಪೊರಕೆ ಕಡ್ಡಿಯೊಂದನ್ನು ಕುಂಡದೊಳಗೆ ಚುಚ್ಚಿಡಿ. ಎಳೆದು ನೋಡಿ. ತೇವ ಇದ್ದರೆ ಸುಮ್ನಿರಿ, ಹೆಚ್ಚುಕಮ್ಮಿ ಒಣಗಿದ್ದರೆ ತಳದಿಂದ ಹರಿಯುವಷ್ಟು ಹಾಕಿ. ಬಹಳ ವಾರ ಏನೂ ಕಾಣಲಿಲ್ಲ. ಆಮೇಲೆ ಕೊಂಬೆ ತುದಿಯಲ್ಲಿ ಚೂಪಾದ ಹಸಿರು ಮೊಗ್ಗು ಬಂತು. ಮೇಲಿನ ಪೊರೆ ಕಳಚಿ ಬಿದ್ದು, ಒಳಗಿಂದ ಸುರುಳಿ ಎಲೆ ಬಿಚ್ಚಿಕೊಂಡಿತು. ಅಷ್ಟು ಹೊಳಪಿನ ಎಲೆ ಗಿಡ ಹೊಸದಾಗಿ ಬಂದಾಗಲೂ ಇರಲಿಲ್ಲ. ಒಣಗಿದ ಕೊಂಬೆ ಮಾತ್ರ ಅವರು ಹೇಳಿದ ಹಾಗೇ ಹೋಯಿತು.

ಈಗ ದೂರುಗಳು. ಮನೆಗೆ ಅಂತ ತಂದ ಮಿಶ್ರಣದ ಇನ್ನೊಂದು ಚೀಲದಲ್ಲಿ ಪುಡಿ ಸಿಕ್ಕಾಪಟ್ಟೆ. ಅವರೇ ಪುಡಿ ಇರಬಾರದು ಅಂದವರು, ಅಲ್ವಾ? ನಾನು ಜರಡಿ ಹಿಡಿದೆ, ಕಾಲು ಭಾಗ ಪುಡಿಯಾಗಿಯೇ ಹೋಯಿತು. ಬಿಲ್ ಕೊಡಲ್ಲ. ಅಲ್ಲಿ ಕೆಲಸ ಮಾಡುವ ಹುಡುಗ ‘ಬೋನ್ಸಾಯ್ ಟಾನಿಕ್’ ಅಂತ 250 ರೂಪಾಯಿ ಬಾಟಲಿ ಹಿಡಿದುಕೊಂಡು ಹಿಂದೆಯೇ ಬಂದ. ಯಜಮಾನರು ಗೊಬ್ಬರ ಬೇಡ ಅಂದು ಐದು ನಿಮಿಷ ಆಗಿರಲಿಲ್ಲ. ಹಿಟ್ಟು ತಿಗಣೆ (ಬಿಳಿ ಹಿಟ್ಟಿನಂತೆ ಗಿಡಕ್ಕೆ ಅಂಟುವ ಕೀಟ) ಬಂದರೆ ಏನು ಮಾಡೋದು ಅಂತ ಕೇಳಿದ್ದಕ್ಕೆ ‘ಬಂದಾಗ ನೋಡೋಣ’ ಅಂದರು, ಅಷ್ಟೇ.

ಆದರೂ ಒಂದು ವಿಷಯಕ್ಕೆ ಆ ಮನುಷ್ಯನ ಮೇಲೆ ನಂಬಿಕೆ ಬಂತು. ನನ್ನ ಮುಂದೆಯೇ ಒಬ್ಬ ಹುಡುಗ ಪೂರ್ತಿ ಕಂದಾದ ಜುನಿಪರ್ (ಸೈಪ್ರಸ್ ಬಳಗದ ಗಿಡ) ತಂದಿದ್ದ. ಜುನಿಪರ್ ಸತ್ತ ಮೇಲೂ ವಾರಗಟ್ಟಲೆ ಹಸಿರಾಗೇ ಕಾಣುತ್ತದೆ, ಕಂದಾದ ಮೇಲೆ ಮಾಡೋಕೆ ಏನೂ ಇಲ್ಲ ಅಂತ ಹೇಳಿ, ಒಂದು ರೂಪಾಯಿ ತಗೊಳ್ಳದೆ ವಾಪಸ್ ಕಳಿಸಿದರು.

ಹೋಗುವುದಾದರೆ ವಾರದ ದಿನ ಬೆಳಗ್ಗೆ ಹೋಗಿ. ಜನವರಿ 26, ಆಗಸ್ಟ್ 15ರ ಆಸುಪಾಸು ಲಾಲ್‌ಬಾಗ್ ಫ್ಲವರ್ ಶೋ ಇರುತ್ತದೆ, ಗಾಡಿ ನಿಲ್ಲಿಸಲು ಜಾಗ ಸಿಗಲ್ಲ. ಮಿಶ್ರಣ ಕೊಳ್ಳುವಾಗ ಚೀಲಕ್ಕೆ ಕೈ ಹಾಕಿ ತಳದ ತನಕ ಕೆದಕಿ ನೋಡಿ.